ತುಂಬಿದವರು ನೋಡಬಾರದು

ನಮ್ಮ ಮನೆಯಲ್ಲಿ ವರ್ಷದ ಕೆಲವು ದಿನಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಅವು ಉಪವಾಸದ ದಿನಗಳಲ್ಲ, ಸೂತಕದ ದಿನಗಳೂ ಅಲ್ಲ. ಅಪ್ಪ ಬಂದೂಕಿನ ತೋಟಾಗಳಿಗೆ ಸಿಡಿಮದ್ದು ತುಂಬುವ ದಿನಗಳು. ಹಿಂದಿನ ಸಂಜೆಯೇ ಅಮ್ಮ ಹುಣಸೆಹುಳಿಯ ಅನ್ನ ಕಲಸಿಡುತ್ತಿದ್ದಳು. ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿ, ಈರುಳ್ಳಿ ಹೆಚ್ಚಿಹಾಕಿ, ಅಂಬಲಿ ಮಾಡಿಡುತ್ತಿದ್ದಳು. ಬೆಳಿಗ್ಗೆ ಸ್ನಾನದ ನೀರು ಕಾದು, ಕಾಫಿ ಇಳಿದ ಕೂಡಲೇ ಕೆಂಡದ ಮೇಲೆ ನೀರು ಸುರಿದು, ಬೂದಿಯನ್ನು ಹಿತ್ತಲಿನ ಗುಂಡಿಗೆ ಹಾಕಿ ಬರುವುದೂ ಅವಳದೇ ಕೆಲಸ. ಆಮೇಲೆ ಅಪ್ಪ ಬಂದು, ಒಲೆಯೊಳಗೆ ಅಂಗೈ ಊರಿ ನೋಡುತ್ತಿದ್ದರು. ಕೈಗೆ ಒಂದಿಷ್ಟು ಬಿಸಿ ತಾಗಿದರೂ ಇನ್ನೊಂದು ಚೆಂಬು ನೀರು. ದೇವರ ಗೂಡಿನ ದೀಪಕ್ಕೂ ಅಂದು ಎಣ್ಣೆಯಿಲ್ಲ, ಬತ್ತಿಯಿಲ್ಲ. ಅಜ್ಜಿಗೆ ಇದೊಂದು ಮಾತ್ರ ಸಹಿಸಲಾಗುತ್ತಿರಲಿಲ್ಲ.

"ದೇವ್ರಿಗೂ ಕತ್ಲಲ್ಲಿ ಕುಂತ್ಕೊಳ್ಳೋ ಶಿಕ್ಷೆ ಏನ್ಲಾ?"

"ದೇವ್ರೇನಾದ್ರೂ ಮಿಲಿಟ್ರೀಲಿ ಇದ್ದಿದ್ರೆ ಒಪ್ತಿದ್ದ ಕಣವ್ವ," ಎಂದು ಅಪ್ಪ ನಗದೆ ಹೇಳುತ್ತಿದ್ದರು.

ಗುಬ್ಬಿಯ ನಮ್ಮ ಬೀದಿಯವರು ಹೆಂಚಿನ ಮೇಲೆ ಹೊಗೆ ಏಳದಿರುವುದನ್ನು ನೋಡಿಯೇ ಇಂದು ಇಂಥ ದಿನವೆಂದು ತಿಳಿಯುತ್ತಿದ್ದರು. ಎದುರು ಮನೆಯವರು ಬೀಡಿ ಸೇದುವುದಕ್ಕೆ ಬೀದಿಯ ಆ ತುದಿಗೆ ಹೋಗುತ್ತಿದ್ದರು. ಬೇರೆ ಮನೆಗಳ ಮಕ್ಕಳಿಗೆ ತಣ್ಣನೆಯ ಊಟವೆಂದರೆ ಬೇಸರ. ನನಗೆ ಅದು ಹಬ್ಬ. ಮನೆಯೊಳಗೆ ಒಗ್ಗರಣೆಯ ಸಿಡಿತವಿಲ್ಲ, ಪಾತ್ರೆಯ ಸದ್ದಿಲ್ಲ, ಹೊಗೆಗೆ ಕಣ್ಣು ಉಜ್ಜಿಕೊಳ್ಳುವ ಅಮ್ಮನಿಲ್ಲ. ಅವಳು ಹಿತ್ತಲಿನ ಹಲಸಿನ ಮರದ ಬುಡದಲ್ಲಿ ಕಾಲು ಚಾಚಿ ಕುಳಿತು ಹೂ ಕಟ್ಟುತ್ತಿದ್ದಳು. ಅಮ್ಮ ಹಗಲಿನಲ್ಲಿ ಕಾಲು ಚಾಚಿ ಕುಳಿತದ್ದನ್ನು ನಾನು ಕಂಡದ್ದು ಆ ದಿನಗಳಲ್ಲಿ ಮಾತ್ರ.

ಅಪ್ಪ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುವ ವಿಭಾಗದಲ್ಲಿದ್ದು ಬಂದವರು. ನಮ್ಮದು ಮೂಲತಃ ನಿಟ್ಟೂರು. ಅಲ್ಲಿಯ ತೆಂಗು, ರಾಗಿ ಎಲ್ಲವನ್ನೂ ದೊಡ್ಡಪ್ಪ ನೋಡಿಕೊಳ್ಳುತ್ತಿದ್ದರು. ಪಿಂಚಣಿ ಪಡೆದು ಬಂದ ಅಪ್ಪ ಗುಬ್ಬಿಯಲ್ಲಿ ಈ ಉದ್ದನೆಯ ಮನೆ ಹಿಡಿದು, ಅದರ ಮುಂದಿನ ಕೋಣೆಯಲ್ಲಿ ಕೋವಿ ರಿಪೇರಿಯ ಅಂಗಡಿ ತೆರೆದರು. ಅದಕ್ಕೆ ಬೇಕಾದ ಪರವಾನಗಿ ಅವರಿಗಿತ್ತು. ಬೆಳೆ ಕಾಯುವುದಕ್ಕೆ ಕೋವಿ ಇಟ್ಟುಕೊಂಡ ರೈತರು ತುರುಕಿದ ಮದ್ದು ಹಸಿಯಾಯಿತೆಂದೋ, ಬೆರಳಿಂದ ಎಳೆಯುವ ಕುದುರೆ ಸಡಿಲವಾಯಿತೆಂದೋ ಬರುತ್ತಿದ್ದರು. ಅಂಗಡಿಯ ಹಿಂದೆ ನಡುಮನೆ; ನಡುಮನೆಗೂ ಅಡುಗೆಮನೆಗೂ ನಡುವೆ ಎದೆಯೆತ್ತರದ ಮೋಟುಗೋಡೆಯೊಂದೇ ಅಡ್ಡ. ಒಲೆಯ ಕಿಡಿ ಹಾರಿದರೆ ನಡುಮನೆಗೆ ಬೀಳಬಹುದಾಗಿತ್ತು. ಮನೆಯಲ್ಲಿ ನೆಟ್ಟಗೆ ಬೆಳಕು ಬೀಳುವುದು ನಡುಮನೆಯ ಬೆಳಕಿಂಡಿಯಿಂದ ಮಾತ್ರವಾದ್ದರಿಂದ ತೋಟಾ ತುಂಬುವ ಕೆಲಸ ಅಲ್ಲಿಯೇ ನಡೆಯಬೇಕಾಗಿತ್ತು. ಮನೆಯ ಈ ರಚನೆಯಿಂದಲೇ ನಮ್ಮ ಒಲೆಯ ನಿಯಮ ಹುಟ್ಟಿದ್ದು.

ತೋಟಾ ತುಂಬಿಸಿಕೊಳ್ಳಲು ಬರುವವರು ಹೆಚ್ಚಿರಲಿಲ್ಲ. ಅವರಲ್ಲಿ ಮುಖ್ಯರಾದವರು ಕುಣಿಗಲ್ ಕಡೆಯ ತಿಮ್ಮೇಗೌಡರು. ಅವರ ತಂದೆಯ ಕಾಲದ ರೈಫಲ್ಲೊಂದು ಅವರಲ್ಲಿತ್ತು. ಅದರ ನಳಿಗೆಯ ಬಾಯಿಗೆ ನನ್ನ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ಎತ್ತಲು ಹೋದರೆ ನನ್ನ ತೋಳು ನಡುಗುತ್ತಿತ್ತು. ಗೌಡರ ಕಡಲೆಕಾಯಿ ಹೊಲಕ್ಕೆ ಗುಡ್ಡದಿಂದ ಕಾಡುಹಂದಿಗಳು ಇಳಿಯುತ್ತಿದ್ದವು. ಹಂದಿಗೆ ಮನುಷ್ಯನ ವಾಸನೆ ದೂರದಿಂದಲೇ ತಿಳಿಯುತ್ತದೆ; ಹತ್ತಿರ ಹೋಗಿ ಹೊಡೆಯುವುದು ಸಾಗದು. ಆದ್ದರಿಂದ ಗೌಡರು ಕೆರೆಯಾಚೆಯ ಬಂಡೆಯ ಮೇಲೆ ಮಲಗಿ, ಹಂದಿಗಳು ಹೊಲ ಬಿಟ್ಟು ಗುಡ್ಡ ಏರುವಾಗ, ಬೆಳಕು ಹರಿದ ಹೊತ್ತಿಗೆ, ಇಡೀ ಕಣಿವೆಯ ಮೇಲಿಂದ ಈಡು ಹೊಡೆಯುತ್ತಿದ್ದರು. ಅಷ್ಟು ದೂರಕ್ಕೆ ಸಾಮಾನ್ಯ ಕೋವಿಯ ಸಣ್ಣ ಚರೆಗುಂಡು ಮುಟ್ಟುವುದಿಲ್ಲ. ದೊಡ್ಡ ರೈಫಲ್ಲಿಗೆ ಬೇಕಾದ ತೋಟಾಗಳು ಮೊದಲು ಹೊರದೇಶದಿಂದ ಬರುತ್ತಿದ್ದವಂತೆ. ಆಮೇಲೆ ಬರುವುದು ನಿಂತಿತು. ಹಾರಿಸಿದ ತೋಟಾದ ಹಿತ್ತಾಳೆಯ ಕೊಳವೆಗಳನ್ನು ಎಸೆಯದೆ ಇಟ್ಟುಕೊಂಡು, ಅವುಗಳಲ್ಲಿಯೇ ಮತ್ತೆ ಮದ್ದು ತುಂಬಿ, ಬಾಯಿಗೆ ಹೊಸ ಗುಂಡು ಕೂರಿಸಿ ಕೊಡಬಲ್ಲವರು ನಮ್ಮ ಸುತ್ತಮುತ್ತ ಅಪ್ಪ ಒಬ್ಬರೇ.

ಖಾಲಿ ಕೊಳವೆಗಳನ್ನು ಬೆಳಗುವುದು ನನ್ನ ಕೆಲಸ. ದೇವರ ಪಾತ್ರೆಗಳನ್ನು ಬೆಳಗುವ ಹುಣಸೆಹಣ್ಣಿನಿಂದಲೇ ಅವುಗಳನ್ನೂ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸುತ್ತಿದ್ದೆ. ಜಗಲಿಯ ಮೇಲೆ ಗಂಟೆ, ಆರತಿ ತಟ್ಟೆ, ಪಂಚಪಾತ್ರೆಗಳ ಪಕ್ಕದಲ್ಲಿ ಗೌಡರ ಕೊಳವೆಗಳು ಸಾಲಾಗಿ ಹೊಳೆಯುತ್ತಿದ್ದವು. ಕೆಲಸದ ದಿನ ಅಪ್ಪ ಬನಿಯನ್ ಹಾಗೂ ಪಂಚೆಯಲ್ಲಿ ಬೆಳಕಿಂಡಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುತ್ತಿದ್ದರು. ಮುಂದೆ ಗಾಜಿನ ಪೆಟ್ಟಿಗೆಯೊಳಗೆ ಅಕ್ಕಸಾಲಿಗರ ತಕ್ಕಡಿ. ಪಕ್ಕದಲ್ಲಿ ಕೊಳವೆಗಳನ್ನು ನಿಲ್ಲಿಸಲು ತೂತು ಕೊರೆದ ಹಲಸಿನ ಹಲಗೆ. ಅವರು ಮದ್ದನ್ನು ತೂಗಿ, ಒಂದೊಂದೇ ಕೊಳವೆಗೆ ಸುರಿಯುತ್ತಿದ್ದರು. ಸುರಿದ ಮೇಲೆ ಗುಂಡು ಕೂರಿಸಬೇಕು. ಆದರೆ ಈ ಎರಡು ಕೆಲಸಗಳ ನಡುವೆ ಮೂರನೆಯದೊಂದಿತ್ತು. ಅದು ಅಪ್ಪನದಲ್ಲ, ಸರೋಜತ್ತೆಯದು.

ಸರೋಜತ್ತೆ ಅಪ್ಪನ ಕೊನೆಯ ತಂಗಿ. ಅಜ್ಜಿಯೊಡನೆ ನಿಟ್ಟೂರಿನಿಂದ ನಮ್ಮ ಮನೆಗೆ ಬಂದಿದ್ದಳು. ಅಪ್ಪ ಮದ್ದು ಸುರಿದ ಪ್ರತಿಯೊಂದು ಕೊಳವೆಯನ್ನೂ ಅವಳು ಕೈಗೆತ್ತಿಕೊಂಡು, ಬೆಳಕಿನ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದಳು. ಮದ್ದಿನ ಮಟ್ಟ ಎಲ್ಲದರಲ್ಲಿಯೂ ಒಂದೇ ಆಗಿದೆಯೇ, ಯಾವುದಕ್ಕಾದರೂ ಎರಡು ಸಲ ಬಿದ್ದಿದೆಯೇ, ಯಾವುದಾದರೂ ಬರಿದಾಗಿ ಉಳಿದಿದೆಯೇ ಎಂದು ನೋಡಿ, ಅವಳು "ಹೂಂ" ಎಂದ ಮೇಲೆಯೇ ಗುಂಡು. ಎರಡು ಸಲ ಮದ್ದು ಬಿದ್ದ ತೋಟಾ ಹಾರಿಸುವವನ ಕೆನ್ನೆಯ ಪಕ್ಕದಲ್ಲಿಯೇ ರೈಫಲ್ಲನ್ನು ಸೀಳಬಹುದು. ಸೈನ್ಯದಲ್ಲಿ ಅಪ್ಪನ ಜೊತೆಗಿದ್ದವರೊಬ್ಬರು ತಾವೇ ತುಂಬಿ, ತಾವೇ ನೋಡಿ, ತಾವೇ ಹಾರಿಸಿ, ಬಲಗಣ್ಣು ಕಳೆದುಕೊಂಡಿದ್ದರು. ಅಂದಿನಿಂದ ಅಪ್ಪ ಕಟ್ಟಿಕೊಂಡ ನಿಯಮ: ತುಂಬಿದವರು ನೋಡಬಾರದು, ನೋಡುವವರು ತುಂಬಬಾರದು.

"ಯಾಕಪ್ಪಾ? ನಿಮಗೇ ಚೆನ್ನಾಗಿ ಗೊತ್ತಲ್ಲ?" ಎಂದು ನಾನೊಮ್ಮೆ ಕೇಳಿದ್ದೆ.

"ಗೊತ್ತಿರೋದೇ ತೊಂದ್ರೆ ಕಣೇ ಪುಟ್ಟಿ. ಸುರ್ದೋನ ಕಣ್ಣಿಗೆ ಅವ್ನು ಸುರಿಬೇಕು ಅಂದ್ಕೊಂಡಿದ್ದೇ ಕಾಣ್ಸುತ್ತೆ. ಒಳಗಿರೋದು ಕಾಣ್ಸಲ್ಲ."

ಮುಂದೆ ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತ ನನ್ನ ಬದುಕು ಕಳೆಯಿತು. ನಾನು ಬರೆದ ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬರ ಕಣ್ಣಿಗೆ ಹಾಯಿಸದೆ ಒಮ್ಮೆಯೂ ಅಚ್ಚಿಗೆ ಕಳಿಸಲಿಲ್ಲ. ಸಹೋದ್ಯೋಗಿಗಳು ಇದನ್ನು ವಿನಯವೆಂದು ತಿಳಿದರು. ವಿನಯವೇನಲ್ಲ, ಅದು ನಡುಮನೆಯ ಹಲಗೆಯ ಮುಂದೆ ಕಲಿತ ಪಾಠ.

ಅತ್ತೆಗೆ ಆಗ ಇಪ್ಪತ್ತಾರು. ಆ ಕಾಲಕ್ಕೆ, ನಮ್ಮ ಕಡೆ, ಅದು ತಡವಾದ ವಯಸ್ಸು. ನೋಡಲು ಬಂದ ಒಬ್ಬರು ಹುಡುಗಿ ಕಪ್ಪು ಎಂದರು. ಇನ್ನೊಬ್ಬರು ಜಾತಕ ಕೂಡಲಿಲ್ಲವೆಂದರು. ಮತ್ತೊಬ್ಬರು ಏನನ್ನೂ ಹೇಳದೆ ಸುಮ್ಮನಾದರು. ಪ್ರತಿಸಲವೂ ಅಜ್ಜಿ ಸೆರಗಿನಲ್ಲಿ ಮೂಗೊರೆಸಿಕೊಂಡು ಅದೇ ಮಾತು ಹೇಳುತ್ತಿದ್ದಳು:

"ಮದ್ದಿನ್ ಮನೇಲಿ ಹೆಣ್ ಇಟ್ಕಂಡವ್ನೆ. ಯಾವನ್ ಬತ್ತಾನೆ ಇಲ್ಲಿಗೆ?"

ಹೀಗಿರುವಾಗ ತಿಮ್ಮೇಗೌಡರು ಖಾಲಿ ಕೊಳವೆಗಳ ಚೀಲ ತಂದವರು ತಮ್ಮ ತಂಗಿಯ ಮಗನ ವಿಷಯ ಎತ್ತಿದರು. ಹುಡುಗ ಕುಣಿಗಲ್‌ನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ. ಅತ್ತೆ ಅವನನ್ನು ಆಗಲೇ ಒಮ್ಮೆ ಕಂಡಿದ್ದಳು. ಆ ಸಂಜೆ ನನ್ನ ಜಡೆ ಹೆಣೆಯುತ್ತ ಮೆಲ್ಲಗೆ ಕೇಳಿದಳು:

"ನಿಟ್ಟೂರ್ ಮದ್ವೇಲಿ ಪಾಯಸ ಬಡಿಸ್ತಿದ್ರಲ್ಲ ಒಬ್ರು, ಜ್ಞಾಪಕ ಇದೆಯೇನೇ? ಎಲ್ರೂ ಸುಮ್ನೆ ಸುರ್ಕೊಂಡ್ ಹೋಯ್ತಿದ್ರೆ, ಒಬ್ಬೊಬ್ರುನ್ನೂ ಬೇಕಾ ಅಂತ ಕೇಳಿ ಬಡಿಸ್ತಿದ್ರು."

ನನಗೆ ಪಾಯಸ ಮಾತ್ರ ನೆನಪಿತ್ತು. ಆದರೂ ಹೌದೆಂದೆ. ಅವಳು ಆ ದಿನ ಜಡೆಯನ್ನು ಎರಡು ಸಲ ಬಿಚ್ಚಿ ಹೆಣೆದಳು.

ಗೌಡರದು ಒಂದೇ ದಾರಿಗೆ ಎರಡು ಕೆಲಸ ಮುಗಿಸುವ ಸ್ವಭಾವ. ಶುಕ್ರವಾರ ಹೆಣ್ಣು ನೋಡಲು ಬರುತ್ತೇವೆ. ಅದೇ ದಿನ ತೋಟಾಗಳನ್ನೂ ಕಟ್ಟಿಡು, ಮರುದಿನ ಬೆಳಿಗ್ಗೆಯೇ ಹಂದಿಯ ಈಡಿಗೆ ಹೋಗಬೇಕು, ಎಂದು ಹೇಳಿ ಕಳುಹಿಸಿದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅದು ಕಳೆದ ಮೇಲೆ ತಾನೇ ಬರುತ್ತಾರೆಂದು ಮನೆಯವರೆಲ್ಲ ತಿಳಿದರು. ಬೆಳಿಗ್ಗೆ ಬೇಗ ಕುಳಿತರೆ ಅಷ್ಟರೊಳಗೆ ತೋಟಾ ಮುಗಿಯುತ್ತದೆ. ಮದ್ದನ್ನು ಮುಚ್ಚಿ ಅಂಗಡಿಯ ಪೆಟ್ಟಿಗೆಗೆ ಸೇರಿಸಿದ ಮೇಲೆ ಒಲೆ ಹಚ್ಚಿ ಉಪ್ಪಿಟ್ಟು, ಕೇಸರಿಬಾತು ಮಾಡಬಹುದು. ಅತ್ತೆಗೂ ಸೀರೆ ಉಡಲು ಸಮಯವಿರುತ್ತದೆ ಎಂದು ಅಪ್ಪ ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಗೌಡರ ತಂಗಿಯ ಲೆಕ್ಕ ಬೇರೆಯಾಗಿತ್ತು. ರಾಹುಕಾಲ ಹುಟ್ಟುವುದಕ್ಕೆ ಮುಂಚೆಯೇ ಹೆಣ್ಣಿನ ಮನೆಯ ಮೆಟ್ಟಿಲು ಹತ್ತಿ ಕುಳಿತುಬಿಟ್ಟರೆ ದೋಷವಿಲ್ಲವೆಂದು ಆಕೆ ಮೊದಲ ಬಸ್ಸಿಗೇ ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದರು.

ಅಪ್ಪ ಎಲ್ಲ ಕೊಳವೆಗಳಿಗೂ ಮದ್ದು ಸುರಿದು ಮುಗಿಸಿದ್ದರು. ಅತ್ತೆ ಅರ್ಧದಷ್ಟನ್ನು ನೋಡಿಯಾಗಿತ್ತು. ಅವಳು ನೋಡಿದವುಗಳಿಗೆ ಗುಂಡು ಕೂರಿಸಿ, ಅಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಹೊರಗೆ ಗೌಡರ ಕೆಮ್ಮು ಕೇಳಿಸಿತು. ಅಜ್ಜಿ ಜಗಲಿಗೆ ಓಡಿ, ಅಷ್ಟೇ ವೇಗವಾಗಿ ಒಳಗೆ ಬಂದಳು.

"ಬಂದೇಬುಟ್ರು ಕಣೋ! ಸರೋಜಿ, ಏಳೇ ಮೇಲೆ, ಮುಖ ತೊಳ್ಕೊ. ಇನ್ನೂ ಹಳೇ ಸೀರೇಲಿ ಕುಂತವ್ಳೆ!"

"ಅವ್ವಾ, ಒಂದ್ ಸ್ವಲ್ಪ ತಡಿ. ಇವಿಷ್ಟು ನೋಡ್ಬುಡ್ತೀನಿ," ಎಂದಳು ಅತ್ತೆ.

"ನೋಡೋದು ಇರ್ಲಿ. ಮೊದ್ಲು ನಿನ್ನ ನೋಡ್ಲಿ ಅವ್ರು!"

ಅಜ್ಜಿ ಅತ್ತೆಯ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ಅವಳನ್ನು ಕೋಣೆಗೆ ದಬ್ಬಿದ ಅಜ್ಜಿ ನೇರವಾಗಿ ಅಡುಗೆಮನೆಗೆ ಹೋಗಿ, ತೆಂಗಿನ ಗರಿ ಮುರಿದು ಒಲೆಗಿಟ್ಟು ಬೆಂಕಿಕಡ್ಡಿ ಗೀರಿದಳು. ಬೀಗರಾಗಬೇಕಾದವರು ಬಂದು ಕುಳಿತಿರುವಾಗ ಒಲೆ ತಣ್ಣಗಿರುವುದು ಅವಳ ಪಾಲಿಗೆ ಅಪಶಕುನವೇ ಆಗಿತ್ತು. ಅಮ್ಮ ಹಿತ್ತಲಿನಿಂದ ಓಡಿಬಂದಾಗ ಗರಿ ಆಗಲೇ ಉರಿ ಹಿಡಿದಿತ್ತು. ಮೋಟುಗೋಡೆಯ ಮೇಲೆ ಬೆಂಕಿಯ ಬೆಳಕು ಆಡುವುದನ್ನು ಕಂಡ ಅಪ್ಪನ ಮುಖ ಬಿಳಿಚಿತು. ಕೂಗಲು ಬಾಯಿ ತೆರೆದವರು ಹೊರಗಿನವರಿಗೆ ಕೇಳಿಸೀತೆಂದು ಮುಚ್ಚಿದರು. ಹಲಗೆಯ ಮೇಲೆ ಬಾಯಿ ತೆರೆದ ಕೊಳವೆಗಳು, ಒಳಗೆ ಮದ್ದು, ಗೋಡೆಯಾಚೆ ಕಿಡಿ. ಇಂಥ ಹೊತ್ತಿನಲ್ಲಿ ಮಾಡಬಹುದಾದದ್ದು ಒಂದೇ: ಕೊಳವೆಗಳ ಬಾಯಿ ಮುಚ್ಚುವುದು. ಅಪ್ಪ ಉಳಿದ ಎಲ್ಲಕ್ಕೂ ಮೈ ಅಡ್ಡ ಹಿಡಿದು ಗುಂಡು ಕೂರಿಸಿದರು. ಒಂದೊಂದು ಮುಗಿದಂತೆ ಕೈಗೆ ಸಿಕ್ಕಿದ ಹಾಗೆ ಅದೇ ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆಯನ್ನೂ ಉಳಿದ ಮದ್ದಿನ ಡಬ್ಬಿಯನ್ನೂ ಮುಂದಿನ ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಅಂಗಿ ತೊಟ್ಟು, ನಗುತ್ತ ಜಗಲಿಗೆ ಬಂದರು. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು.

ಹೆಣ್ಣು ನೋಡುವ ಕಾರ್ಯ ಚೆನ್ನಾಗಿಯೇ ನಡೆಯಿತು. ಹುಡುಗನ ತಾಯಿ ಕೇಸರಿಬಾತನ್ನು ಎರಡನೆಯ ಸಲ ಹಾಕಿಸಿಕೊಂಡರು. ಅಮ್ಮನ ತವರಿನ ಹಸಿರು ಸೀರೆಯುಟ್ಟು ಅತ್ತೆ ಕಾಫಿ ತಂದಳು. ಹುಡುಗ ಲೋಟ ತೆಗೆದುಕೊಳ್ಳುತ್ತ, "ನಿಮಗೆ ಓದೋ ಅಭ್ಯಾಸ ಇದ್ಯಂತೆ?" ಎಂದು ಮೆಲ್ಲಗೆ ಕೇಳಿದ. ಅವಳು ಇದೆಯೆಂದಳು. ಅಷ್ಟೇ ಮಾತು. ಆದರೆ ಅವಳ ಕಿವಿ ಕೆಂಪಾದದ್ದನ್ನು ಬಾಗಿಲ ಸಂದಿನಿಂದ ನಾನು ನೋಡಿದೆ. ಅಜ್ಜಿ ಅಮ್ಮನ ಕೈ ಹಿಸುಕಿದಳು. ಹುಡುಗನ ತಾಯಿ ಅಣ್ಣನ ಕಡೆ ತಿರುಗಿ ತಲೆಯಾಡಿಸಿದ್ದು ಎಲ್ಲರಿಗೂ ಕಂಡಿತು. ಗೌಡರು ತೇಗಿ, ಗೋಡೆಗೆ ಒರಗಿ ಕುಳಿತರು.

"ಇನ್ನೇನ್ ಕೃಷ್ಣಪ್ಪ, ಹೆಣ್ಣಿನ್ ಮಾತು ಮುಗೀತು ಅಂದ್ಕೊ. ನನ್ ಪೆಟ್ಟಿಗೆ ತಗೊಂಬಾ. ಬೆಳಿಗ್ಗೇನೇ ಹಂದಿ ಕಾಯ್ತಾವೆ ನನ್ನ."

ಅಪ್ಪ ಏಳಲಿಲ್ಲ.

"ಇವತ್ತು ಕೊಡಕ್ಕಾಗಲ್ಲ ಗೌಡ್ರೆ."

"ಯಾಕಪ್ಪಾ? ತುಂಬಿಲ್ವಾ?"

"ತುಂಬಿದೀನಿ. ಸರೋಜ ನೋಡಿಲ್ಲ. ಅರ್ಧ ನೋಡಿದ್ಲು, ಅಷ್ಟರಲ್ಲಿ ನೀವ್ ಬಂದ್ರಿ. ಎಲ್ಲಾ ಒಂದರಲ್ಲೊಂದು ಸೇರ್ಹೋಗಿದೆ. ಬಿಚ್ಚಿ ಮೊದಲಿಂದ ತುಂಬಬೇಕು. ಸೋಮವಾರ ನಾನೇ ತಂದ್ಕೊಡ್ತೀನಿ."

ಗೌಡರು ಜೋರಾಗಿ ನಕ್ಕರು. "ಏಯ್, ಮಿಲಿಟ್ರೀಲಿ ಇದ್ದೋನು ನೀನೋ, ಅವ್ಳೋ? ನೀ ತುಂಬಿರೋದ್ರಲ್ಲಿ ತಪ್ಪಿರ್ತದಾ? ತಕ್ಕಡೀಗ್ ಹಾಕಿ ನೋಡ್ಬುಡು."

"ಕೊಳವೆಗಳೇ ಒಂದೊಂದು ಒಂದೊಂದ್ ತೂಕ ಗೌಡ್ರೆ. ಮುಚ್ಚಿದ ಮೇಲೆ ತೂಗಿದ್ರೆ ಏನೂ ಗೊತ್ತಾಗಲ್ಲ."

"ನಾನ್ ನಂಬ್ತೀನಿ ಕಣಯ್ಯ, ಕೊಡು."

ಹುಡುಗನ ತಾಯಿ ಲೋಟವನ್ನು ಕೆಳಗಿಟ್ಟರು. ಆಕೆಯ ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ.

"ನಮ್ಮಣ್ಣನ ಮುಖ ನೋಡ್ಕೊಂಡು ಇಷ್ಟ್ ದೂರ ಬಂದಿದೀವಿ. ಅವ್ನ್ ಕೇಳಿದ್ದು ಒಂದ್ ಪೆಟ್ಟಿಗೆ. ಈಗ್ಲೇ ಇಲ್ಲ ಅನ್ನೋರು, ನಾಳೆ ಸಂಬಂಧ ಬೆಳೆಸಿದ್ ಮೇಲೆ ಇನ್ನೇನೇನಕ್ಕೆ ಇಲ್ಲ ಅಂತೀರೋ."

"ಕೊಡ್ಲಾ!" ಎಂದಳು ಅಜ್ಜಿ, ಒಳಬಾಗಿಲಲ್ಲಿ ನಿಂತು, ಕೈಜೋಡಿಸಿ. "ನೀನೇ ತುಂಬಿರೋದು ತಾನೇ? ಕೊಟ್ಬುಡ್ಲಾ ನಿನ್ ದಮ್ಮಯ್ಯ."

ಅಪ್ಪ ನಿಯಮದ ವಿಷಯದಲ್ಲಿ ಅಳುಕಿದ್ದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ. ಬಾಗಿಲ ಕಡೆ, ತಂಗಿಯ ಹಸಿರು ಸೀರೆಯ ಕಡೆ, ಮತ್ತೆ ನೆಲದ ಕಡೆ ನೋಡಿದರು. ಜೇಬಿನಲ್ಲಿದ್ದ ಬೀಗದಕೈಯ ಮೇಲೆ ಅವರ ಕೈ ಹೋಯಿತು. ಅವರ ಸಂಕಟವನ್ನು ಗೌಡರು ಗುರುತಿಸಿದರು. ನಗುನಗುತ್ತಲೇ ಅದಕ್ಕೊಂದು ದಾರಿ ಮಾಡಿಕೊಟ್ಟರು.

"ಆಯ್ತು ಬುಡು, ನಿನಗ್ಯಾಕೆ ತೊಂದ್ರೆ. ಹುಡುಗೀನೇ ಕೇಳಾಣ. ಏನವ್ವಾ, ನಮ್ ಮನೆಗೆ ಬರೋಳು ನೀನು. ಸರಿಯಾಗಿದೆ ಅಂತ ಒಂದ್ ಮಾತ್ ಹೇಳ್ಬುಡು. ನಿನ್ ಬಾಯಲ್ಲಿ ಬಂದ್ರೆ ನಿಮ್ಮಣ್ಣನೂ ಒಪ್ತಾನೆ, ನಾನೂ ಎದ್ ಹೊರಡ್ತೀನಿ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅವಳು ಖಾಲಿ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹುಡುಗನೂ ತಲೆಯೆತ್ತಿ ನೋಡುತ್ತಿದ್ದ. ಅಪ್ಪ ತುಂಬಿದ ತೋಟಾಗಳಲ್ಲಿ ತಪ್ಪು ಸಿಕ್ಕಿದ್ದು ತೀರ ಅಪರೂಪವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. "ಹೂಂ" ಎಂದರೆ ಸಾಕಾಗಿತ್ತು. ದಿನಕ್ಕೆ ಎಷ್ಟೋ ಸಲ ಹೇಳಿದ ಅದೇ "ಹೂಂ".

"ನಾನು ನೋಡಿಲ್ಲ," ಎಂದಳು ಅತ್ತೆ. "ನೋಡ್ದೆ ಇರೋದನ್ನ ಸರಿಯಾಗಿದೆ ಅಂತ ಹೆಂಗ್ ಹೇಳ್ಲಿ ಗೌಡ್ರೆ? ಸಿಡಿದ್ರೆ ನಿಮ್ಮ ಕಣ್ ಪಕ್ಕದಲ್ಲೇ ಸಿಡಿಯೋದು."

ಅಪ್ಪನ ಕೈ ಜೇಬಿನಿಂದ ಹೊರಗೆ ಬಂತು.

"ಹುಡುಗಿ ಬಾಯಿ ಜೋರಿದೆ," ಎಂದರು ಹುಡುಗನ ತಾಯಿ, ಚಪ್ಪಲಿ ಹುಡುಕುತ್ತ. "ಏಳಪ್ಪ ಹೋಗಾಣ. ತಿಳಿಸ್ತೀವಿ ಅಂತ ಹೇಳು."

ಹುಡುಗ ಎದ್ದ. ಒಮ್ಮೆ ಏನೋ ಹೇಳಲು ಹೊರಟವನಂತೆ ನಿಂತು, ತಾಯಿ ಮತ್ತೆ ಕರೆದಾಗ ಮೆಟ್ಟಿಲಿಳಿದು ಹೋದ. ಹೊರಗೆ ರಾಹುಕಾಲ ಇನ್ನೂ ಮುಗಿದಿರಲಿಲ್ಲ.

ಮರುದಿನ ಒಲೆ ಮತ್ತೆ ಆರಿತು. ಅಪ್ಪ, ಅತ್ತೆ ಇಬ್ಬರೂ ಬೆಳಕಿಂಡಿಯ ಕೆಳಗೆ ಕುಳಿತು ಪೆಟ್ಟಿಗೆಯ ಒಂದೊಂದೇ ತೋಟಾವನ್ನು ಬಿಚ್ಚಿದರು. ಗುಂಡು ಕಳಚಿ, ಮದ್ದನ್ನು ತಕ್ಕಡಿಗೆ ಸುರಿದು ತೂಗುವುದು ನಿಧಾನದ ಕೆಲಸ. ಮಧ್ಯಾಹ್ನ ಇಳಿಯುವವರೆಗೆ ನಡೆಯಿತು. ಅಜ್ಜಿ ಹಿಂದಿನ ದಿನದಿಂದ ಇಬ್ಬರೊಡನೆಯೂ ಮಾತು ಬಿಟ್ಟಿದ್ದಳು. ಆದರೂ ಕಂಬಕ್ಕೊರಗಿ ಕುಳಿತು ತಕ್ಕಡಿಯನ್ನೇ ನೋಡುತ್ತಿದ್ದಳು. ಒಂದಾದರೂ ತಪ್ಪು ಸಿಗಲಿ ಎಂದು ಅವಳು ಮನಸ್ಸಿನಲ್ಲಿ ಹರಕೆ ಹೊತ್ತಿದ್ದಳೆಂದು ನನಗೆ ಈಗ ಅನ್ನಿಸುತ್ತದೆ. ಸಿಕ್ಕಿದ್ದರೆ ಮಗಳನ್ನು ಕ್ಷಮಿಸಲು ಅವಳಿಗೊಂದು ಕಾರಣ ಸಿಗುತ್ತಿತ್ತು. ಕೊನೆಯ ತೋಟಾವನ್ನೂ ತೂಗಿ ಅಪ್ಪ ತಲೆಯೆತ್ತಿದರು.

"ಎಲ್ಲಾ ಸರಿಯಾಗೇ ಇತ್ತು," ಎಂದರು.

ಅಜ್ಜಿ ತಡೆಯಲಾರದೆ ಹಣೆ ಬಡಿದುಕೊಂಡಳು. "ಸರಿಯಾಗೇ ಇತ್ತಂತೆ! ಕೇಳುಸ್ಕೊಂಡೇನೇ? ಎಲ್ಲಾ ಸರಿಯಾಗೇ ಇತ್ತಂತೆ!"

ಅತ್ತೆ ಕೈಗಂಟಿದ ಮದ್ದನ್ನು ಒದ್ದೆಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದಳು.

"ಅದು ಇವತ್ತು ಗೊತ್ತಾಯ್ತವ್ವ. ನೆನ್ನೆ ಯಾರಿಗ್ ಗೊತ್ತಿತ್ತು?"

ಹೇಳಿ ಹಿತ್ತಲಿಗೆ ಹೋದಳು. ಅವಳು ಬಾವಿಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಬಹಳ ಹೊತ್ತು ಕುಳಿತಿದ್ದಳು. ಅಮ್ಮ ಹೋಗಿ ಪಕ್ಕದಲ್ಲಿ ಕುಳಿತಳು.

ಕುಣಿಗಲ್‌ನಿಂದ ಸಂಬಂಧ ಬೇಡವೆಂಬ ಮಾತು ಬಂತು. ಹುಡುಗಿ ಎದುರಾಡುತ್ತಾಳೆ ಎಂಬುದು ಅವರು ಕೊಟ್ಟ ಕಾರಣ. ಅತ್ತೆಯ ಮದುವೆ ಆಮೇಲೆ ಬೆಳ್ಳಾವಿಯ ಮನೆಯೊಂದಕ್ಕೆ ಆಯಿತು. ಈಗಲೂ ಅಲ್ಲಿಯೇ ಇದ್ದಾಳೆ. ಕಳೆದ ತಿಂಗಳು ತುಮಕೂರಿನ ಸದಾಶಿವನಗರದ ನನ್ನ ಮನೆಗೆ ಬಂದಾಗ, ನಾನು ಇದನ್ನು ಬರೆಯುತ್ತಿದ್ದೇನೆಂದು ಹೇಳಿ, ಆ ದಿನ ಅವಳಿಗೆ ಹೇಗನ್ನಿಸಿತ್ತೆಂದು ಕೇಳಿದೆ. ನಾನು ದೊಡ್ಡ ಮಾತೊಂದನ್ನು ನಿರೀಕ್ಷಿಸಿದ್ದೆನೋ ಏನೋ. ಅವಳು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು.

"ಬೇಜಾರಾಗಿತ್ತು ಕಣೇ. ಆ ಹುಡ್ಗ ಚೆನ್ನಾಗಿದ್ದ," ಎಂದಳು. "ಆದ್ರೆ ಇನ್ನೊಂದ್ ಸಲ ಕೇಳಿದ್ರೂ ಅದೇ ಹೇಳ್ತಿದ್ದೆ. ಬೇರೆ ಏನ್ ಹೇಳಕ್ಕಾಗ್ತಿತ್ತು?"

ಹೆಣ್ಣು ನೋಡಲು ಬಂದಿದ್ದ ಆ ವರ್ಷದ್ದೇ ಇನ್ನೊಂದು ಮಾತು. ಕಡಲೆಕಾಯಿ ಕೀಳುವ ಮುನ್ನ ತಿಮ್ಮೇಗೌಡರು ಒಬ್ಬರೇ ಬಂದರು. ಹಿಂದಿನ ಪೆಟ್ಟಿಗೆಯನ್ನು ಅಪ್ಪ ಹೊಸದಾಗಿ ತುಂಬಿ, ಅತ್ತೆ ನೋಡಿದ ಮೇಲೆ, ಹೇಳಿದ ಸೋಮವಾರವೇ ಕುಣಿಗಲ್‌ಗೆ ಮುಟ್ಟಿಸಿ ಬಂದಿದ್ದರು. ಅದು ಖರ್ಚಾಗಿತ್ತು. ಗೌಡರು ಕೊಳವೆಗಳ ಚೀಲವನ್ನು ಜಗಲಿಯ ಮೇಲಿಟ್ಟು, ಆಚೀಚೆ ನೋಡಿ, ದನಿ ತಗ್ಗಿಸಿದರು.

"ದೂರದಲ್ಲೆಲ್ಲೋ ಬೇರೆ ಕಡೆ ತುಂಬ್ಸಿದ್ದೆ ಕೃಷ್ಣಪ್ಪ ನಡುವೆ ಒಂದ್ ಸಲ. ಬಂಡೆ ಮೇಲೆ ಮಲಗಿ ಕೆನ್ನೆ ಕೊಟ್ರೆ, ನಿಮ್ ತಂಗಿ ಮಾತೇ ಜ್ಞಾಪಕ ಬತ್ತದೆ. ಕುದುರೆ ಎಳೆಯಕ್ಕೇ ಬೆರಳು ಬರ್ಲಿಲ್ಲ. ಹಂದಿ ಹೋಯ್ತು, ನಾನು ಎದ್ ಬಂದೆ. ಇವನ್ನ ನೀನೇ ತುಂಬು. ಆ ಹುಡುಗಿ ನೋಡಿದ್ ಮೇಲೇನೇ ಕೊಡು."

ಅಪ್ಪ ಉತ್ತರ ಕೊಡುವಷ್ಟರಲ್ಲಿ ಒಳಗಿನಿಂದ ಅಜ್ಜಿ ಬಂದಳು. ಅಲ್ಲಿಯವರೆಗೆ ಗೌಡರ ಹೆಸರೆತ್ತಿದರೆ ಮಗಳ ಮೇಲೆ ಸಿಡುಕುತ್ತಿದ್ದವಳು ನೇರವಾಗಿ ಗೌಡರ ಮುಂದೆಯೇ ನಿಂತಳು.

"ನಿಮ್ ಕಣ್ ಕಾಯಕ್ಕೆ ನನ್ ಮಗಳು ಬೇಕು. ನಿಮ್ ಮನೆಗ್ ಬೇಡ. ಅಲ್ವಾ ಗೌಡ್ರೆ?"

"ಅಯ್ಯೋ, ಅದು ಹೆಂಗಸ್ರ ವಿಚಾರ ಅಜ್ಜಿ. ನಮ್ ತಂಗಿ ಅಂದಿದ್ದು. ನಾನೇನ್ ಮಾಡ್ಲಿ?"

"ಹಂಗಾರೆ ಇದೂ ಹೆಂಗಸ್ರ ವಿಚಾರನೇ," ಎಂದು ಅಜ್ಜಿ ಚೀಲವನ್ನು ಎತ್ತಿ ಗೌಡರ ಕಾಲ ಬಳಿ ಇಟ್ಟಳು. "ತಗೊಂಡ್ ಹೋಗಿ. ನಿಮ್ ತಂಗಿ ಕೈಲೇ ನೋಡಿಸ್ಕಳಿ."

ಗೌಡರಂಥ ಗೌಡರು ತಲೆ ತಗ್ಗಿಸಿ ನಿಂತರು. ಅಪ್ಪ ತಾಯಿಯನ್ನು ತಡೆಯಲಿಲ್ಲ. ಆಗ ಅತ್ತೆ ಹೊರಗೆ ಬಂದು, ಬಗ್ಗಿ ಚೀಲವನ್ನು ತೆಗೆದುಕೊಂಡಳು.

"ಬುಡವ್ವ. ಅವ್ರ ಮನೆ ಮಾತು ಬೇರೆ, ಅವ್ರ ಕಣ್ಣಿನ ಮಾತು ಬೇರೆ. ಇಷ್ಟ್ ದೂರ ನಂಬ್ಕೊಂಡ್ ಬಂದವ್ರೆ." ಗೌಡರ ಕಡೆ ತಿರುಗಿ, "ನಾಳಿದ್ದು ಬನ್ನಿ," ಎಂದಳು.

ಗೌಡರು ಹೇಳಿದ ದಿನಕ್ಕಿಂತ ಮೊದಲು ಬರಲಿಲ್ಲ. ಆದರೆ ಆ ದಿನ ಬೆಳಿಗ್ಗೆಯೇ ಬಂದರು. ಕೆಲಸ ಇನ್ನೂ ನಡೆದಿತ್ತು. ಅಪ್ಪ ಸುರಿದು ಇಟ್ಟ ಕೊಳವೆಗಳ ಸಾಲಿನ ಮುಂದೆ ಅತ್ತೆ ಕುಳಿತು, ಒಂದನ್ನು ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿದ್ದಳು. ಗೌಡರು ನಡುಮನೆಯ ಬಾಗಿಲಿಗೆ ಬಂದು ನಿಂತು, "ಆಯ್ತೇನವ್ವ?" ಎನ್ನಲು ಬಾಯಿ ತೆರೆದರು. ಕಂಬದ ಬಳಿ ಕುಳಿತಿದ್ದ ಅಜ್ಜಿ ಥಟ್ಟನೆ ಕೈಯೆತ್ತಿದಳು.

"ಸುಮ್ಕಿರಿ ಗೌಡ್ರೆ," ಎಂದಳು. "ನನ್ ಮಗಳು ನೋಡ್ತಾವ್ಳೆ."